ಒಂದೇ ಥರದ ಎರಡು ಕೇಬಲ್, ನಾಲ್ಕು ಥರದ ಡೆವ್

ನನ್ನ ಹತ್ತಿರ ಅಚ್ಚು ಒತ್ತಿದ ಹಾಗೆ ಒಂದೇ ಥರ ಇರುವ ಎರಡು ಯುಎಸ್‌ಬಿ ಸೀರಿಯಲ್ ಕೇಬಲ್ ಇವೆ. ಒಂದು ಬೋರ್ಡಿಗೆ, ಇನ್ನೊಂದು ಸೆನ್ಸರಿಗೆ. ಯಾವುದು ಮೊದಲು ಸಿಕ್ಕಿತೋ ಅದಕ್ಕೆ ಲಿನಕ್ಸ್ ಟಿಟಿವೈಯುಎಸ್‌ಬಿ0 ಅಂತ ಹೆಸರಿಡುತ್ತದೆ. ರೀಬೂಟ್ ಆದರೆ ಹೆಸರು ಅದಲುಬದಲು. ಬೋರ್ಡಿಗೆ ಕಳಿಸಿದ ಕಮಾಂಡ್ ಸೆನ್ಸರಿಗೆ ಹೋಗುತ್ತದೆ. ಇದಕ್ಕೆ ಮದ್ದು ಹುಡುಕುತ್ತಾ, ಡಿವೈಸ್‌ಗಳು ಫೈಲ್ ರೂಪದಲ್ಲಿ ಕಾಣಿಸುವ ಡೆವ್ ಫೋಲ್ಡರನ್ನು ನೋಡಿಕೊಳ್ಳುವ ನಾಲ್ಕು ವಿಧಾನಗಳನ್ನು ಬಳಸಿ ನೋಡಿದೆ.

ಮೊದಲು ಹಳೇ ದಾರಿ, ಡಿವೈಸ್ ಫೈಲನ್ನು ಕೈಯಾರೆ ಮಾಡುವ ಎಂಕೆನಾಡ್ ಕಮಾಂಡ್. ಮೇಜರ್ 188, ಮೈನರ್ 0 ಅಂತ ಕೊಟ್ಟರೆ ಫೈಲ್ ತಯಾರು. ಆ ಫೈಲಿನಲ್ಲಿ ಡೇಟಾ ಏನೂ ಇರುವುದಿಲ್ಲ. ಆ ಎರಡು ನಂಬರ್ ನೋಡಿಯೇ ಲಿನಕ್ಸಿನ ತಿರುಳಾದ ಕರ್ನೆಲ್ ಸರಿಯಾದ ಡ್ರೈವರನ್ನು ಹುಡುಕುತ್ತದೆ. ಆದರೆ ಕೇಬಲ್ ಕಿತ್ತರೂ ಫೈಲ್ ಅಲ್ಲೇ ಇರುತ್ತದೆ, ತೆರೆದರೆ ಎರರ್. ಅದಲುಬದಲಿಗೂ ಪರಿಹಾರವಿಲ್ಲ. ಕಲಿಯೋಕೆ ಚೆನ್ನಾಗಿದೆ, ಅಷ್ಟೇ.

ಎರಡನೆಯದು, ಡೆವ್‌ಟಿಎಂಪಿಎಫ್‌ಎಸ್ ಮೇಲೆ ಬಿಸಿಬಾಕ್ಸ್ ಎಂಬ ಪುಟ್ಟ ಕಮಾಂಡ್ ಕಟ್ಟಿನ ಎಂಡೆವ್. 2009ರ 2.6.32 ಕರ್ನೆಲ್‌ನಿಂದ ಲಿನಕ್ಸ್ ತಾನೇ ರ‍್ಯಾಮ್‌ನಲ್ಲಿ ಡಿವೈಸ್ ಫೈಲ್ ಮಾಡಿಡುತ್ತದೆ, ಅದೇ ಡೆವ್‌ಟಿಎಂಪಿಎಫ್‌ಎಸ್. ಎಂಡೆವ್ ಓನರ್, ಪರ್ಮಿಷನ್ ಸರಿಮಾಡುತ್ತದೆ. ಒಂದೇ ಕಾನ್ಫಿಗ್ ಫೈಲ್, ಓದೋಕೆ ಸುಲಭ. ಪೋರ್ಟ್ ನೋಡಿ ಹೆಸರಿಡಲು ಮಾತ್ರ ನಾನೇ ಸ್ಕ್ರಿಪ್ಟ್ ಬರೆಯಬೇಕಾಯಿತು.

ಇಲ್ಲೇ ಒಂದು ಎಡವಟ್ಟು ಮಾಡಿಕೊಂಡೆ. ಪೆನ್‌ಡ್ರೈವ್ ಕಿತ್ತಿದ್ದು ಮರೆತು ಡಿಡಿ ಎಂಬ ಕಾಪಿ ಕಮಾಂಡಿನಲ್ಲಿ ಅದರ ಡಿವೈಸ್ ಹೆಸರಾದ ಎಸ್‌ಡಿಬಿಗೆ ಡಿಸ್ಕ್ ಇಮೇಜ್ ಬರೆದೆ. ಕಾಪಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಭಲೇ ಅಂದುಕೊಂಡೆ. ಆಮೇಲೆ ನೋಡಿದರೆ ಎಸ್‌ಡಿಬಿ ಅನ್ನುವ ಮಾಮೂಲಿ ಫೈಲ್ ಹುಟ್ಟಿಕೊಂಡು ರ‍್ಯಾಮ್ ತಿನ್ನುತ್ತಾ ಕೂತಿತ್ತು!

ಮೂರನೆಯದು ಯುಡೆವ್, ಮಾಮೂಲಿ ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಈ ಕೆಲಸ ಮಾಡುವ ಪ್ರೋಗ್ರಾಮ್. ಇದರ ಕೆಳಗೂ ಡೆವ್‌ಟಿಎಂಪಿಎಫ್‌ಎಸ್ಸೇ ಇರುವುದರಿಂದ ಆ ಎಡವಟ್ಟು ಇಲ್ಲೂ ಆಗುತ್ತದೆ. ಆದರೆ ಹೆಸರಿನ ವಿಷಯದಲ್ಲಿ ಇದರ ಮುಂದೆ ಉಳಿದವು ಸಪ್ಪೆ. ಸೀರಿಯಲ್ ಫೋಲ್ಡರಿನೊಳಗೆ ಬೈ-ಐಡಿ (ಕೇಬಲ್ಲಿನ ಗುರುತು ನೋಡಿ), ಬೈ-ಪಾತ್ (ಪೋರ್ಟ್ ನೋಡಿ) ಅಂತ ಲಿಂಕುಗಳನ್ನು ತಾನಾಗಿಯೇ ಮಾಡಿಡುತ್ತದೆ. ಬೈ-ಐಡಿ ನನಗೆ ಕೈಕೊಟ್ಟಿತು. ನನ್ನ ಅಗ್ಗದ ಕೇಬಲ್‌ಗಳಲ್ಲಿ ಸೀರಿಯಲ್ ನಂಬರೇ ಇಲ್ಲ, ಎರಡಕ್ಕೂ ಒಂದೇ ಐಡಿ. ಯಾವ ಪೋರ್ಟಿಗೆ ಚುಚ್ಚಿದೆ ಅನ್ನುವುದನ್ನು ನೋಡುವ ರೂಲ್ ಬರೆದೆ, ಎರಡೇ ಸಾಲು. ಆದರೆ ರೂಲ್ ಬರೆಯುವ ರೀತಿ ಸ್ವಲ್ಪ ಕಿರಿಕಿರಿ. ಒಂದು ಈಕ್ವಲ್ ಚಿಹ್ನೆ ಹಾಕಿದರೆ ಮೌಲ್ಯ ಕೊಟ್ಟಂತೆ, ಎರಡು ಹಾಕಿದರೆ ಹೋಲಿಸಿದಂತೆ. ಅರ್ಧ ದಿನ ಅದರಲ್ಲೇ ಹೋಯಿತು.

ಕೊನೆಗೆ, ಲಿನಕ್ಸ್ ಅಲ್ಲದ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಫ್ರೀಬಿಎಸ್‌ಡಿಯ ಡೆವ್‌ಎಫ್‌ಎಸ್. ಇಲ್ಲಿ ಸೀರಿಯಲ್ ಕೇಬಲ್ ಹೆಸರು ಕುವಾಯು0. ಎಸ್‌ಡಿಬಿ ಎಡವಟ್ಟನ್ನು ಬೇಕಂತಲೇ ಮತ್ತೆ ಮಾಡಿ ನೋಡಿದೆ. ಡೆವ್ ಒಳಗೆ ಮಾಮೂಲಿ ಫೈಲ್ ಮಾಡಲು ಅದು ಬಿಡಲೇ ಇಲ್ಲ. ಹೀಗಿರಬೇಕು ಅಲ್ವಾ? ಜೈಲ್ (ಪ್ರೋಗ್ರಾಮ್‌ಗಳನ್ನು ಪ್ರತ್ಯೇಕವಾಗಿಡುವ ಆವರಣ) ಒಳಗೆ ಯಾವ ಡಿವೈಸ್ ಕಾಣಬೇಕು ಅಂತ ರೂಲ್‌ಸೆಟ್‌ನಲ್ಲಿ ಹೇಳಬಹುದು, ಅದೂ ಇಷ್ಟವಾಯಿತು. ಆದರೆ ಹೆಸರು ಇಲ್ಲೂ ಅದಲುಬದಲಾಗುತ್ತದೆ. ಅದಕ್ಕೆ ಡೆವ್‌ಡಿ ಅನ್ನುವ ಬೇರೆ ಡೀಮನ್‌ಗೆ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್) ಹೇಳಿ ಲಿಂಕ್ ಮಾಡಿಸಬೇಕು.

ಈಗ ಪುಟ್ಟ ಬೋರ್ಡಿನಲ್ಲಿ ಎಂಡೆವ್, ಮೇಜಿನ ಕಂಪ್ಯೂಟರಿನಲ್ಲಿ ಯುಡೆವ್ ಇಟ್ಟುಕೊಂಡಿದ್ದೇನೆ. ರೂಲ್ ನೋಡುವುದು ಪೋರ್ಟನ್ನು, ಕೇಬಲ್ಲನ್ನಲ್ಲ. ಹಾಗಾಗಿ ಎರಡೂ ಪೋರ್ಟಿನ ಪಕ್ಕ ಚೀಟಿ ಅಂಟಿಸಿದ್ದೇನೆ.