ಮಳೆಗಾಲಕ್ಕೆ ಯಾವ ಬಿಸಿ ಸಿಹಿ? ಮಾಡಿ ನೋಡಿದ ಮೇಲೆ ನನ್ನ ಓಟು ಗಸಗಸೆ ಪಾಯಸಕ್ಕೆ

ಜೂನ್ ಮೊದಲ ವಾರ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ 5 ಕಿಲೋ ಅಚ್ಚು ಬೆಲ್ಲ ತಂದೆ. ಅಲ್ಲಿಂದ ಶುರುವಾಯಿತು ನೋಡಿ. ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಊರು. ಜುಲೈ ಬಂತೆಂದರೆ ಬಟ್ಟೆ ಒಣಗುವುದಿಲ್ಲ, ಕರೆಂಟ್ ಇರುವುದಿಲ್ಲ, ಸಂಜೆ ನಾಲ್ಕಕ್ಕೇ ದೀಪ ಹಚ್ಚುವಷ್ಟು ಕತ್ತಲೆ. ಆ ಹೊತ್ತಿಗೆ ಬಾಯಿಗೆ ಏನಾದರೂ ಬಿಸಿಯಾಗಿ, ಸಿಹಿಯಾಗಿ ಬೇಕು. ಹೀಗಾಗಿ ಪ್ರತಿ ಭಾನುವಾರ ಒಂದೊಂದು ಮಾಡಿದೆ. ಗೆದ್ದಿದ್ದು ಗಸಗಸೆ ಪಾಯಸ. ನನಗೆ ಮೊದಲಿಂದಲೂ ಅದೇ ಇಷ್ಟ, ಸುಳ್ಳೇಕೆ ಹೇಳಲಿ, ಆದರೆ ಈ ಸಲ ಕಾರಣವೂ ಸಿಕ್ಕಿತು.

ಮೊದಲು ಹೆಸರುಬೇಳೆ ಪಾಯಸ. ಬೇಳೆಯನ್ನು ಘಮ್ ಅನ್ನುವವರೆಗೆ ಹುರಿದು ಕುಕ್ಕರಿನಲ್ಲಿ ಮೂರು ವಿಷಲ್ ಕೂಗಿಸಿ, ಬೆಲ್ಲ ಹಾಕಿ ಕುದಿಸಿ, ಕೊನೆಗೆ ಅರ್ಧ ಲೀಟರ್ ಹಾಲು ಹಾಕಿದೆ. ಎರಡೇ ನಿಮಿಷ. ಹಾಲು ಒಡೆದು ಮೊಸರುಗಡ್ಡೆ ಥರ ಚೂರುಚೂರು.

ಬೆಲ್ಲದಲ್ಲಿ ಒಂದಿಷ್ಟು ಹುಳಿ, ಉಪ್ಪಿನ ಅಂಶ ಇದ್ದೇ ಇರುತ್ತದೆ, ಕುದಿಯುವ ಬಿಸಿಗೆ ಹಾಲು ಅದನ್ನು ತಡೆಯುವುದಿಲ್ಲ. ಇದು ಗೊತ್ತಿದ್ದದ್ದೇ. ನನಗೆ ಹೊಳೆಯದಿದ್ದದ್ದು ಮಳೆಗಾಲದ ಕಥೆ. ಬೆಲ್ಲ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಾನು ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ಮುಚ್ಚಳವನ್ನೂ ಸರಿಯಾಗಿ ಹಾಕಿರಲಿಲ್ಲ. ತಳದ ಅಚ್ಚುಗಳೆಲ್ಲ ನೀರು ಬಿಟ್ಟು ಅಂಟಂಟಾಗಿ, ಮೂಗಿನ ಹತ್ತಿರ ತಂದರೆ ಸಣ್ಣ ಹುಳಿ ವಾಸನೆ. ಹೀಗೆ ಹುಳಿ ತಿರುಗಿದ ಬೆಲ್ಲ ಹಾಕಿದರೆ ಹಾಲು ಇನ್ನೂ ಬೇಗ ಒಡೆಯುತ್ತದೆ. ಹಿಂದೆ ಬೆಲ್ಲವನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತಿದ್ದದ್ದು ಸುಮ್ನೆ ಅಲ್ಲ ಅಂತ ಅಮ್ಮ ಆಗ ಹೇಳಿದಳು. ಐದು ಕಿಲೋ ತರುವಾಗ ಹೇಳಬಾರದಿತ್ತಾ!

ಮುಂದಿನ ವಾರ ಒಲೆ ಆರಿಸಿ ಹಾಲು ಹಾಕಿದೆ. ಆಗಲೂ ಸ್ವಲ್ಪ ಒಡೆಯಿತು. ಅದರ ಮುಂದಿನ ವಾರ ಯಾರೋ ಹೇಳಿದರು ಅಂತ ಚಿಟಿಕೆ ಅಡುಗೆ ಸೋಡಾ. ಒಡೆಯಲಿಲ್ಲ, ಆದರೆ ಮಗಳು ಒಂದು ಚಮಚ ತಿಂದು ಸೋಪಿನ ರುಚಿ ಅಂದಳು, ನಿಜವೇ, ಚಿಟಿಕೆ ದೊಡ್ಡದಾಗಿತ್ತು. ನಾಲ್ಕನೇ ಸಲ ಬೆಲ್ಲದ ನೀರನ್ನು ಬೇರೆ ಕುದಿಸಿ, ಸೋಸಿ, ಆರಿಸಿ, ಹಾಲನ್ನೂ ಕಾಯಿಸಿ ಆರಿಸಿ, ಎರಡನ್ನೂ ಬೇಳೆಗೆ ಸೇರಿಸಿದೆ. ರೇಷ್ಮೆ ಥರ ಬಂತು. ಆದರೆ ತಣ್ಣಗೆ! ಹೊರಗೆ ಮಳೆ ಬಡಿಯುತ್ತಿರುವಾಗ ಆರಿದ ಪಾಯಸ ಯಾರಿಗೆ ಬೇಕು? ಬಿಸಿ ಮಾಡಲು ಹೋದೆ, ಮತ್ತೆ ಒಡೆಯಿತು. ಅವತ್ತೇ ಹಾಲು ಬೆಲ್ಲದ ಸಹವಾಸ ಬಿಟ್ಟೆ.

ಹಾಲಿನ ಬದಲು ಕಾಯಿಹಾಲು ಹಾಕಬಹುದು, ನಮ್ಮ ಕಡೆ ಹಾಕುವುದೂ ಅದನ್ನೇ. ಹಾಲಿನ ಹಾಗೆ ಮೊಸರಾಗುವುದಿಲ್ಲ, ಜೋರಾಗಿ ಕುದಿಸದಿದ್ದರೆ ಆಯಿತು. ನಾನು ಹಾಲಿಗೆ ಹೋದದ್ದೇ ಕಾಯಿ ತುರಿದು, ರುಬ್ಬಿ, ಹಿಂಡುವ ಸೋಮಾರಿತನಕ್ಕೆ. ಹೇಗೂ ರುಬ್ಬಲೇಬೇಕು ಅಂದ ಮೇಲೆ ಗಸಗಸೆ ಪಾಯಸವನ್ನೇ ಮಾಡಬಹುದಲ್ವಾ?

ಕೇಸರಿಬಾತು ಹದಿನೈದು ನಿಮಿಷದ ಕೆಲಸ, ಸಕ್ಕರೆ, ಹಾಗಾಗಿ ಬೆಲ್ಲದ ತಲೆನೋವಿಲ್ಲ. ಬಾಣಲೆಯಿಂದ ನೇರ ತಿಂದರೆ ಸ್ವರ್ಗ. ನಮ್ಮ ಚಳಿಗೆ ತಟ್ಟೆಯಲ್ಲಿ ಹತ್ತು ನಿಮಿಷ ಬಿಟ್ಟರೆ ತುಪ್ಪ ಗಟ್ಟಿಯಾಗಿ ಬಾಯಿಯ ಮೇಲ್ಭಾಗಕ್ಕೆ ಮೆತ್ತಿಕೊಳ್ಳುತ್ತದೆ.

ಪ್ಯಾಕೆಟ್ ಜಾಮೂನು: ಒಳಗೆ ಹಿಟ್ಟು ಹಿಟ್ಟು. ತಪ್ಪು ನನ್ನದೇ, ಎಣ್ಣೆ ಜಾಸ್ತಿ ಕಾದಿತ್ತು.

ಹಲಸಿನ ಹಣ್ಣಿನ ಕಡುಬನ್ನು ಮಾತ್ರ ಸೋಲಿಸಲು ಮನಸ್ಸಿಲ್ಲ. ಕೊಚ್ಚಿದ ಹಣ್ಣು, ಅಕ್ಕಿ ತರಿ, ಕಾಯಿತುರಿ, ಬೆಲ್ಲ, ಬಾಳೆಎಲೆಯಲ್ಲಿ ಮಡಚಿ ಮುಕ್ಕಾಲು ಗಂಟೆ ಹಬೆ. ಎಲೆ ಬಿಚ್ಚಿದಾಗ ಬರುವ ಆ ಪರಿಮಳ, ಮೇಲೊಂದು ಚಮಚ ತುಪ್ಪ. ಹುಳಿ ಬೆಲ್ಲವೂ ಇದರಲ್ಲಿ ಗೊತ್ತಾಗುವುದಿಲ್ಲ. ಆದರೆ ಮಳೆ ಹಿಡಿದ ಮೇಲೆ ಹಣ್ಣು ನೀರುನೀರು, ಸಪ್ಪೆ. ಜೂನ್ ದಾಟಿದರೆ ಮುಗಿಯಿತು, ಮಳೆ ಮಾತ್ರ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ.

ಇನ್ನು ಗಸಗಸೆ. ಎರಡು ದೊಡ್ಡ ಚಮಚ ಗಸಗಸೆ, ಒಂದು ಚಮಚ ಅಕ್ಕಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿಯಬೇಕು, ಕೆಂಪಾದರೆ ಕಹಿ. ಬಿಸಿನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಅರ್ಧ ಬಟ್ಟಲು ಕಾಯಿತುರಿ, ಏಲಕ್ಕಿ ಸೇರಿಸಿ ನುಣ್ಣಗೆ ರುಬ್ಬಿ. ನೆನೆಸದಿದ್ದರೆ ಹಲ್ಲಿಗೆ ಮರಳು ಸಿಕ್ಕ ಹಾಗಾಗುತ್ತದೆ. ನೀರು, ಬೆಲ್ಲ, ಚಿಟಿಕೆ ಉಪ್ಪು ಹಾಕಿ ತಳ ಹಿಡಿಯದ ಹಾಗೆ ಕೈಯಾಡಿಸುತ್ತಾ ಕುದಿಸಿದರೆ ನಾಲ್ಕು ಲೋಟ. ಹಾಲೇ ಬೇಡ, ಹಾಗಾಗಿ ಒಡೆಯುವ ಮಾತೇ ಇಲ್ಲ. ಎರಡನೇ ಸಲ, ಮೂರನೇ ಸಲ ಬಿಸಿ ಮಾಡಿದರೂ ಸೈ. ಮುಖ್ಯ ವಿಷಯ, ಇದನ್ನು ಲೋಟದಲ್ಲಿ ಕುಡಿಯಬಹುದು. ಎರಡೂ ಕೈಯಲ್ಲಿ ಬಿಸಿ ಲೋಟ ಹಿಡಿದು ಜಗಲಿಯಲ್ಲಿ ಕೂರುವ ಸುಖ ತಟ್ಟೆ ಚಮಚದಲ್ಲಿ ಇಲ್ಲ. ಆಮೇಲೆ ಒಳ್ಳೆ ನಿದ್ದೆಯೂ ಬರುತ್ತದೆ ಅಂತಾರೆ, ನನಗೆ ಹೇಗೂ ಬರುತ್ತದೆ.

ದುಬಾರಿ, ಒಪ್ಪುತ್ತೇನೆ. ಗಸಗಸೆ ಅಂದರೆ ಅಫೀಮು ಗಿಡದ ಬೀಜ, ಅದಕ್ಕೇ ಇಷ್ಟೊಂದು ಕಟ್ಟುಪಾಡು. ನಮ್ಮಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಮಾತ್ರ, ಅದೂ ಸರ್ಕಾರದ ಲೈಸೆನ್ಸ್ ಇದ್ದವರು ಬೆಳೆಯುತ್ತಾರೆ, ಸಾಲದ್ದಕ್ಕೆ ಟರ್ಕಿಯಿಂದ ತರಿಸುತ್ತಾರೆ. ಆದರೆ ಒಂದು ಸಲಕ್ಕೆ ಬೇಕಾಗುವುದು ಎರಡೇ ಚಮಚ. ಅರ್ಧ ಲೀಟರ್ ಹಾಲು ನಾಲ್ಕು ಸಲ ಹಾಳು ಮಾಡಿದವನಿಗೆ ಅದೇನು ದೊಡ್ಡ ಲೆಕ್ಕ ಅಲ್ಲ. ದುಬೈಯಲ್ಲಿರುವ ತಮ್ಮನಿಗೆ ಮಾತ್ರ ಈ ಭಾಗ್ಯ ಇಲ್ಲ, ಅಲ್ಲಿ ಗಸಗಸೆ ಒಯ್ಯುವುದೇ ಅಪರಾಧ. ಅವನು ಕಾಯಿಹಾಲಿನ ಹೆಸರುಬೇಳೆಯಲ್ಲೇ ತೃಪ್ತನಾಗಲಿ.

ಕರೆಂಟ್ ಹೋದರೆ ಮಿಕ್ಸಿ ನಡೆಯುವುದಿಲ್ಲ, ಇದೊಂದೇ ಇದರ ಕೊರತೆ. ಅದಕ್ಕೆ ಕರೆಂಟ್ ಇದ್ದಾಗಲೇ ರುಬ್ಬಿ ಇಟ್ಟುಕೊಳ್ಳುತ್ತೇನೆ, ಮರೆತರೆ ಹಿತ್ತಲಿನ ಒರಳು ಇದೆ. ಬೆಲ್ಲವನ್ನೂ ಬದಲಾಯಿಸಿದೆ, ಈಗ ಪಾಯಸಕ್ಕೆ ಹಾಕುವುದು ಆಲೆಮನೆಯ ಜೋನಿ ಬೆಲ್ಲ, ಅಂದರೆ ಅಚ್ಚಿಗೆ ಹಾಕದ ನೀರು ಬೆಲ್ಲ. ಅಚ್ಚು ಬೆಲ್ಲದಲ್ಲಿ ಇನ್ನೂ ಎರಡು ಕಿಲೋ ಉಳಿದಿದೆ. ಅಮ್ಮ ದಿನಾ ಕಷಾಯಕ್ಕೆ ಹಾಕಿ ನನಗೇ ಕುಡಿಸುತ್ತಿದ್ದಾಳೆ.