ಸ್ಕೂಲ್ ಮಕ್ಕಳಿಗೆ ಎನರ್ಜಿ ಡ್ರಿಂಕ್ ಕೊಡದ ಬೇಕರಿ

ಹಾಸನದಲ್ಲಿ ನಮ್ಮ ಹೈಸ್ಕೂಲಿನ ಹಿಂದಿನ ರಸ್ತೆಯಲ್ಲಿ ಒಂದು ಅಯ್ಯಂಗಾರ್ ಬೇಕರಿ ಇದೆ. ಸಂಜೆ ನಾಲ್ಕರ ಹೊತ್ತಿಗೆ ಖಾರಾ ಬನ್ ಬಿಸಿಬಿಸಿ ಬರುತ್ತದೆ, ಈರುಳ್ಳಿ, ಸಬ್ಬಸಿಗೆ ಸೊಪ್ಪು ಧಾರಾಳವಾಗಿ ಹಾಕಿರುತ್ತಾರೆ. ಹನಿ ಕೇಕ್ ನನ್ನ ನಾಲಿಗೆಗೆ ಸಿಹಿ ಜಾಸ್ತಿ. ಕೂರಲು ಜಾಗ ಇಲ್ಲ, ನಿಂತೇ ತಿನ್ನಬೇಕು. ಆದರೂ ಐದಕ್ಕೆ ಐದು ಕೊಡುತ್ತಿದ್ದೇನೆ. ಅದು ತಿಂಡಿಗಲ್ಲ.

ಇಲ್ಲಿ ಯೂನಿಫಾರ್ಮ್‌ನಲ್ಲಿ ಬಂದವರಿಗೆ ಎನರ್ಜಿ ಡ್ರಿಂಕ್ ಕೊಡುವುದಿಲ್ಲ. ಎಷ್ಟೇ ಗೋಗರೆಯಲಿ, ಇಲ್ಲ ಅಂದರೆ ಇಲ್ಲ. 'ನಮ್ಮಪ್ಪನಿಗೆ ಅಂಕಲ್' ಅಂದರೆ 'ಅಪ್ಪನೇ ಬರಲಿ ಬಿಡು ಮರಿ' ಅನ್ನುತ್ತಾರೆ ಮಾಲೀಕರು. ವ್ಯಾಪಾರ ಬಿಟ್ಟುಕೊಟ್ಟು ಹೀಗೆ ಹೇಳುವವರು ಎಷ್ಟು ಜನ ಇದ್ದಾರೆ?

ನಾನು ಪಿಟಿ ಮೇಷ್ಟ್ರು. ಪ್ರಾಕ್ಟೀಸ್‌ಗೆ ಮುಂಚೆ ಇದನ್ನು ಕುಡಿದು ಬರುವ ಮಕ್ಕಳನ್ನು ಈಗೀಗ ತುಂಬಾ ನೋಡುತ್ತಿದ್ದೇನೆ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಬೇರೆ ಅಂಗಡಿಯಲ್ಲಿ ಎರಡು ಬಾಟಲಿ ಒಟ್ಟಿಗೆ ಕುಡಿದು ಕಬಡ್ಡಿಗೆ ಇಳಿದಿದ್ದ. ರೈಡ್‌ಗೆ ಹೋಗುವ ಮೊದಲೇ ಕೈ ನಡುಗುತ್ತಿತ್ತು. 'ಸಾರ್, ಎದೆ ಹೊಡ್ಕೊಳ್ತಿದೆ' ಅಂದ. ಮಣಿಕಟ್ಟು ಹಿಡಿದರೆ ನಾಡಿ ಎಣಿಸಲು ಆಗದಷ್ಟು ಜೋರಾಗಿ ಓಡುತ್ತಿತ್ತು. ನೆರಳಿನಲ್ಲಿ ಕೂರಿಸಿ, ಮನೆಯವರನ್ನು ಕರೆಸಿ, ಡಾಕ್ಟರ ಹತ್ತಿರ ಕಳಿಸಿದೆ. ರಾತ್ರಿಯೆಲ್ಲಾ ನಿದ್ದೆ ಮಾಡಲಿಲ್ಲ ಅಂತ ಮಾರನೇ ದಿನ ಅವರಮ್ಮ ಬಂದು ಹೇಳಿದರು.

ಬಾಟಲಿ ತಿರುಗಿಸಿ ಹಿಂದೆ ಓದಿ. 250 ಮಿ.ಲೀ.ಗೆ ಸುಮಾರು 75 ಮಿ.ಗ್ರಾಂ ಕೆಫೀನ್ (ಕಾಫಿ, ಟೀಯಲ್ಲಿ ಇರುವ ಅದೇ ಉತ್ತೇಜಕ) ಇರುವುದು ಮಾಮೂಲು. ಲೀಟರಿಗೆ 300 ಮಿ.ಗ್ರಾಂ ಮೀರಬಾರದು ಅಂತ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಹೇಳುತ್ತದೆ, ಅಂದರೆ ಮಿತಿಯ ತುದಿಯಲ್ಲೇ ನಿಂತಿದೆ. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇದು ಬೇಡ, ದಿನಕ್ಕೆ 500 ಮಿ.ಲೀ. ದಾಟಬಾರದು ಅಂತಲೂ ಬಾಟಲಿಯ ಮೇಲೇ ಇರುತ್ತದೆ. ಇರುವೆ ಸಾಲಿನಂಥ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಯಾವ ಮಗು ಓದುತ್ತದೆ? ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಮಕ್ಕಳಿಗೆ ದಿನಕ್ಕೆ ಕೆಜಿ ತೂಕಕ್ಕೆ 3 ಮಿ.ಗ್ರಾಂ ಕೆಫೀನ್ ತನಕ ತೊಂದರೆಯಿಲ್ಲ ಅಂತ ಲೆಕ್ಕ ಕೊಟ್ಟಿತು. 40 ಕೆಜಿಯ ಹುಡುಗನಿಗೆ 120 ಆಯಿತು. ಎರಡು ಬಾಟಲಿಗೆ 150. ಮನೆಯ ಕಾಫಿ, ಟೀ ಬೇರೆ.

ಮಕ್ಕಳು ಇದನ್ನು ಗ್ಲೂಕೋಸ್ ನೀರಿನ ಥರ ಅಂದುಕೊಂಡಿದ್ದಾರೆ. ಖಂಡಿತ ಅಲ್ಲ. ಕೆಫೀನ್ ಶಕ್ತಿ ಕೊಡುವುದಿಲ್ಲ, ಸುಸ್ತು ಮಿದುಳಿಗೆ ಗೊತ್ತಾಗದಂತೆ ಮಾಡುತ್ತದೆ ಅಷ್ಟೇ. ಹಾಗೆ ಸುಸ್ತೇ ಗೊತ್ತಾಗದೆ ಬಿಸಿಲಲ್ಲಿ ಓಡುವ ಮಗುವನ್ನು ನೋಡಿದರೆ ನನಗೆ ಭಯ ಆಗುತ್ತದೆ. ಕುಡಿದು ಐದು ಗಂಟೆ ಆದರೂ ಹೆಚ್ಚುಕಡಿಮೆ ಅರ್ಧ ಕೆಫೀನ್ ಮೈಯಲ್ಲೇ ಇರುತ್ತದೆ, ನಿದ್ದೆ ಎಲ್ಲಿಂದ ಬರಬೇಕು? ಎದೆಬಡಿತದ ತೊಂದರೆ ಹುಟ್ಟಿನಿಂದಲೇ ಇದ್ದು ಯಾರಿಗೂ ಗೊತ್ತಿರದ ಮಕ್ಕಳೂ ಇರುತ್ತಾರೆ. ಅವರಿಗೆ ಇದು ಜೀವಕ್ಕೇ ಅಪಾಯ ಆಗಬಹುದು. ಸಕ್ಕರೆಯೂ ಕಡಿಮೆಯೇನಲ್ಲ, 250 ಮಿ.ಲೀ.ಯ ಕೆಲವು ಕ್ಯಾನುಗಳಲ್ಲಿ 27 ಗ್ರಾಂ ಇರುತ್ತದೆ.

ಯುರೋಪಿನ ಲಿಥುವೇನಿಯಾ ದೇಶ 2014ರಲ್ಲೇ 18 ವರ್ಷದೊಳಗಿನವರಿಗೆ ಇದನ್ನು ಮಾರುವುದನ್ನು ನಿಲ್ಲಿಸಿತು, ಪೋಲೆಂಡ್ 2024ರಲ್ಲಿ. ನಮ್ಮ ಬೇಕರಿಯವರು ಯಾರ ಆರ್ಡರಿಗೂ ಕಾಯಲಿಲ್ಲ.

ಸುಮ್ನೆ ಇಲ್ಲ ಅಂದು ಕಳಿಸುವುದೂ ಇಲ್ಲ. ಮಜ್ಜಿಗೆ ಕೊಡುತ್ತಾರೆ. ಶುಂಠಿ ಜಜ್ಜಿ, ಕರಿಬೇವು ಹರಿದು ಹಾಕಿ, ಉಪ್ಪು ಸ್ವಲ್ಪ ಮುಂದಾಗಿಯೇ ಇರುತ್ತದೆ. ಬೆವರಿದ ಮಕ್ಕಳಿಗೆ ಬೇಕಾದದ್ದು ಅದೇ ಅಲ್ವಾ? ನಮ್ಮ ಕಬಡ್ಡಿ ಹುಡುಗರು ಈಗ ಅದಕ್ಕೇ ಕ್ಯೂ ನಿಲ್ಲುತ್ತಾರೆ.

ಒಂದೇ ಒಂದು ತಕರಾರು. ಆ ಡ್ರಿಂಕ್‌ಗಳ ಫ್ರಿಜ್ ಈಗಲೂ ಬಾಗಿಲ ಪಕ್ಕದಲ್ಲೇ, ಮಕ್ಕಳ ಕಣ್ಣಿಗೆ ಬೀಳುವಂತೆ ಇದೆ. ಅದನ್ನು ಒಳಗೆ ಸರಿಸಿ, ಆ ಜಾಗದಲ್ಲಿ ಮಜ್ಜಿಗೆ ಇಡಿ ಅಂತ ಕೇಳಿದ್ದೇನೆ.