ಹೀಟ್ ಪಂಪ್ ರಿವ್ಯೂ: ಮಷಿನ್‌ಗೆ ಫುಲ್ ಮಾರ್ಕ್ಸ್, ಫಿಟಿಂಗ್‌ಗೆ ಅರ್ಧ

ಮನೆ ಬೆಚ್ಚಗಿಡೋಕೆ ಇದ್ದ ಹಳೇ ಬಾಯ್ಲರ್ ತೆಗೆಸಿ ಗಾಳಿಯಿಂದ ಶಾಖ ಎಳ್ಕೊಂಡು ನೀರಿಗೆ ಕೊಡೋ ಹೀಟ್ ಪಂಪ್ ಹಾಕ್ಸಿದೀವಿ. ಒಂದು ಇಡೀ ಚಳಿಗಾಲ ಓಡಿದೆ, ಹೊರಗೆ ಸೊನ್ನೆಗಿಂತ ಕೆಳಗೆ ಹೋದ ರಾತ್ರಿಗಳನ್ನೂ ಕಂಡಿದೆ, ಹಾಗಾಗಿ ಈಗ ಧೈರ್ಯವಾಗಿ ಬರೀಬಹುದು. ಮಷಿನ್ ಚೆನ್ನಾಗಿದೆ, ತುಂಬಾನೇ ಚೆನ್ನಾಗಿದೆ. ಆದ್ರೆ ಕೂರಿಸಿದವರು ಯಾವ ಸೆಟ್ಟಿಂಗ್‌ನಲ್ಲಿ ಬಿಟ್ಟು ಹೋದ್ರೋ ಅದರಲ್ಲೇ ಓಡಿಸ್ತಾ ಇದ್ರೆ ಅದರ ಅರ್ಧ ಗುಣನೂ ಗೊತ್ತಾಗಲ್ಲ. ಅದಕ್ಕೇ ಈ ರಿವ್ಯೂನಲ್ಲಿ ಮಷಿನ್‌ಗಿಂತ ಸೆಟ್ಟಿಂಗ್ ಬಗ್ಗೆನೇ ಜಾಸ್ತಿ ಇದೆ, ಕರೆಂಟ್ ಬಿಲ್ ಎಷ್ಟು ಬರುತ್ತೆ ಅನ್ನೋದು ಅಲ್ಲೇ ತೀರ್ಮಾನ ಆಗೋದು.

ಮೊದಲು ರೂಮ್ ಹೀಟರ್ ಸಾಕಲ್ವಾ ಅಂತ ಕೇಳೋರಿಗೆ. ಆಯಿಲ್ ಹೀಟರ್ ಆಗ್ಲಿ, ಫ್ಯಾನ್ ಹೀಟರ್ ಆಗ್ಲಿ, ಕೆಂಪಗೆ ಕಾಯೋ ರಾಡ್ ಆಗ್ಲಿ, ಒಂದು ಯೂನಿಟ್ ಕರೆಂಟ್ ತಗೊಂಡು ಒಂದು ಯೂನಿಟ್ ಶಾಖ ಕೊಡುತ್ತೆ, ಡಬ್ಬದ ಮೇಲೆ ಎನರ್ಜಿ ಸೇವಿಂಗ್ ಅಂತ ಎಷ್ಟು ದೊಡ್ಡದಾಗಿ ಬರೆದಿದ್ರೂ ಇದು ಬದಲಾಗಲ್ಲ. ರಾಡ್ ಹೀಟರ್ ಎದುರು ಕೂತವರಿಗೆ ಶಾಖ ನೇರವಾಗಿ ತಾಗುತ್ತೆ, ಒಬ್ಬರೇ ಸ್ವಲ್ಪ ಹೊತ್ತು ಕೂತು ಕೆಲಸ ಮಾಡೋ ಜಾಗಕ್ಕೆ ಅದು ಸರಿ, ಇಡೀ ಮನೆಗೆ ಅಲ್ಲ. ಹೀಟ್ ಪಂಪ್ ಶಾಖನ ಹುಟ್ಟಿಸಲ್ಲ, ಹೊರಗಿಂದ ಒಳಗೆ ಸಾಗಿಸುತ್ತೆ. ಫ್ರಿಜ್ ಒಳಗೆ ನಡೆಯೋ ಕೆಲಸನೇ, ಕಂಪ್ರೆಸರ್ ಕೂಡ ಅದೇ ಜಾತಿದು. ಅದಕ್ಕೇ ಒಂದು ಯೂನಿಟ್ ಕರೆಂಟ್‌ಗೆ ಮೂರು, ಹವಾ ಅಷ್ಟೇನೂ ಚಳಿ ಇಲ್ಲದಾಗ ನಾಲ್ಕು ಯೂನಿಟ್ ಶಾಖನೂ ಬರುತ್ತೆ. ಈ ಲೆಕ್ಕಕ್ಕೆ ಸಿಒಪಿ ಅಂತಾರೆ. ಹೊಸ ಟೆಕ್ನಾಲಜಿ, ಇನ್ನೂ ಸ್ವಲ್ಪ ವರ್ಷ ಕಾಯೋಣ ಅನ್ನೋರು ಇದಾರೆ, ಆದ್ರೆ ಕಟ್ಟಡನ ಹೀಗೆ ಬಿಸಿ ಮಾಡಬಹುದು ಅನ್ನೋ ಯೋಚನೆನ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ 1852ರಲ್ಲೇ ಮುಂದಿಟ್ಟಿದ್ರು, ಕಾಯೋಕೆ ಅದು ಕಾರಣ ಅಲ್ಲ.

ಈಗ ಅಸಲಿ ವಿಷ್ಯಕ್ಕೆ ಬರ್ತೀನಿ. ರೇಡಿಯೇಟರ್‌ಗೆ, ಅಂದ್ರೆ ರೂಮ್ ಬೆಚ್ಚಗೆ ಮಾಡೋಕೆ ಬಿಸಿ ನೀರು ಹರಿಯೋ ಪ್ಯಾನಲ್‌ಗೆ, ಹೋಗೋ ನೀರು ಎಷ್ಟು ಬಿಸಿ ಇರಬೇಕು ಅನ್ನೋದೇ ಎಲ್ಲದಕ್ಕಿಂತ ಮುಖ್ಯ. ಹೊರಗೆ 0 ಡಿಗ್ರಿ ಇದ್ದು ನೀರನ್ನ 35 ಡಿಗ್ರಿಗೆ ಏರಿಸಬೇಕಾದ್ರೆ ಭೌತಶಾಸ್ತ್ರದ ಪ್ರಕಾರ ಸಿಗಬಹುದಾದ ಗರಿಷ್ಠ ಸಿಒಪಿ 8.8, ಅದೇ ನೀರನ್ನ 55ಕ್ಕೆ ಏರಿಸಬೇಕು ಅಂದ್ರೆ ಅದು 6ಕ್ಕೆ ಇಳಿಯುತ್ತೆ. ನಿಜವಾದ ಮಷಿನ್‌ನಲ್ಲಿ ಇದರ ಅರ್ಧ ಇಲ್ಲಾ ಅದಕ್ಕಿಂತ ಸ್ವಲ್ಪ ಕಮ್ಮಿ ಸಿಗುತ್ತೆ, ಆದ್ರೆ ಏರಿಳಿತದ ದಾರಿ ಇದೇ. ಅಂದಾಜಿಗೆ ಹೇಳೋದಾದ್ರೆ ನೀರಿನ ಬಿಸಿ 1 ಡಿಗ್ರಿ ಇಳಿಸಿದ್ರೆ ಶೇಕಡಾ 2ರಿಂದ 3ರಷ್ಟು ಕರೆಂಟ್ ಉಳಿಯುತ್ತೆ. ಸ್ಪೆಕ್ ಶೀಟ್‌ನಲ್ಲಿ 35 ಡಿಗ್ರಿಗೆ ಒಂದು, 55 ಡಿಗ್ರಿಗೆ ಒಂದು ಅಂತ ಎರಡು ಅಂಕಿ ಇರುತ್ತೆ, ಮಾರೋಕೆ ಬಂದವರು ಬೆರಳಿಟ್ಟು ತೋರಿಸೋದು 35ರದ್ದನ್ನ. ನಿಮ್ಮ ಮನೆ ರೇಡಿಯೇಟರ್‌ಗೆ 50, 55 ಡಿಗ್ರಿ ನೀರೇ ಬೇಕಾಗಿದ್ರೆ ಆ ಅಂಕಿ ನಿಮ್ಮದಲ್ಲ, ಇನ್ನೊಂದನ್ನ ನೋಡಿ.

ನಮ್ಮನೆಗೆ ಕೂರಿಸಿದವರು 55ಕ್ಕೆ ಫಿಕ್ಸ್ ಮಾಡಿ ಹೋದ್ರು. ಹೊರಗೆ ಚಳಿ ಇರ್ಲಿ ಬಿಡ್ಲಿ ಯಾವಾಗ್ಲೂ 55. ಹಾಗಿಟ್ರೆ ಯಾರೂ ಚಳಿ ಅಂತ ಫೋನ್ ಮಾಡಲ್ಲ, ಅವರಿಗೆ ಅದು ಸುಲಭ, ಬಿಲ್ ಕಟ್ಟೋರು ನಾವು. ಮೆನು ಒಳಗೆ ವೆದರ್ ಕಾಂಪೆನ್ಸೇಶನ್ ಇಲ್ಲಾ ಹೀಟಿಂಗ್ ಕರ್ವ್ ಅನ್ನೋ ಹೆಸರಲ್ಲಿ ಒಂದು ಆಯ್ಕೆ ಇರುತ್ತೆ, ಹೊರಗಿನ ಹವಾ ನೋಡ್ಕೊಂಡು ನೀರಿನ ಬಿಸಿನ ಅದೇ ಏರಿಸಿ ಇಳಿಸುತ್ತೆ, ಅದನ್ನ ಆನ್ ಮಾಡಿಸ್ಲೇಬೇಕು. ಆಮೇಲೆ ರೇಡಿಯೇಟರ್ ವಾಲ್ವ್ ಎಲ್ಲಾ ಪೂರ್ತಿ ತೆಗೆದು, ಕರ್ವ್ ಅನ್ನ ಒಂದೊಂದೇ ಹೆಜ್ಜೆ ಇಳಿಸ್ತಾ ಬರಬೇಕು, ಪ್ರತಿ ಸಲ ಇಳಿಸಿದ ಮೇಲೆ ಒಂದೆರಡು ದಿನ ಸುಮ್ನೆ ಬಿಡಬೇಕು ಯಾಕಂದ್ರೆ ಗೋಡೆ ನೆಲ ಎಲ್ಲಾ ನಿಧಾನಕ್ಕೆ ಬಿಸಿ ಆಗಿ ನಿಧಾನಕ್ಕೆ ತಣ್ಣಗಾಗುತ್ತೆ, ಮನೇಲಿ ಅತಿ ತಣ್ಣಗಿರೋ ರೂಮ್ ಇನ್ನು ಬೆಚ್ಚಗಾಗ್ತಿಲ್ಲ ಅನ್ನಿಸಿದಾಗ ಒಂದು ಹೆಜ್ಜೆ ವಾಪಸ್ ಏರಿಸಿ ನಿಲ್ಲಿಸಬೇಕು. ನಮ್ಮಲ್ಲಿ ಕೊನೆಗೆ ಮಾಮೂಲಿ ಚಳಿ ದಿನಕ್ಕೆ 40ರ ಆಸುಪಾಸಿನ ನೀರೇ ಸಾಕಾಯ್ತು. ರೇಡಿಯೇಟರ್ ಮುಟ್ಟಿದ್ರೆ ಉಗುರುಬೆಚ್ಚಗೆ ಇರುತ್ತೆ ಅಷ್ಟೇ, ಸುಡಲ್ಲ, ಮೊದಮೊದಲು ಮನೆಯವರೆಲ್ಲ ಇದು ಕೆಲಸನೇ ಮಾಡ್ತಿಲ್ಲ ಅಂದ್ರು. ಆದ್ರೆ ರೂಮ್ ಇಡೀ ದಿನ ಒಂದೇ ಸಮ ಬೆಚ್ಚಗಿರುತ್ತೆ, ಹಳೇ ಬಾಯ್ಲರ್ ಥರ ಸ್ವಲ್ಪ ಹೊತ್ತು ಸೆಕೆ ಸ್ವಲ್ಪ ಹೊತ್ತು ಚಳಿ ಅನ್ನೋದಿಲ್ಲ, ನನಗಂತೂ ಇದೇ ದೊಡ್ಡ ಸುಖ.

ಕಮ್ಮಿ ಬಿಸಿ ನೀರಿಗೆ ರೇಡಿಯೇಟರ್ ದೊಡ್ಡದಿರಬೇಕು, ಇದನ್ನ ಕಾಗದದ ಮೇಲೆ ಲೆಕ್ಕ ಹಾಕಬಹುದು. ರೇಡಿಯೇಟರ್ ಮೇಲೆ ಬರೆದಿರೋ ವ್ಯಾಟ್ ಸಾಮಾನ್ಯವಾಗಿ ನೀರಿಗೂ ರೂಮಿಗೂ 50 ಡಿಗ್ರಿ ವ್ಯತ್ಯಾಸ ಇದ್ದಾಗಿನದು. ವ್ಯತ್ಯಾಸ 30ಕ್ಕೆ ಇಳಿದ್ರೆ ಅದರ ಅರ್ಧದಷ್ಟೇ ಬರುತ್ತೆ, 25ಕ್ಕೆ ಇಳಿದ್ರೆ ಸುಮಾರು ಶೇಕಡಾ 40. ಎಲ್ಲಾ ರೂಮಿಗೂ ಹೊಸದು ಬೇಕಾಗಿಲ್ಲ, ಹಿಂದುಳಿಯೋ ರೂಮ್ ಒಂದೆರಡು ಇರುತ್ತೆ, ಅಲ್ಲಿಗೆ ಮಾತ್ರ ಡಬಲ್ ಪ್ಯಾನಲ್ ರೇಡಿಯೇಟರ್ ಹಾಕಿದ್ರೆ ಇಡೀ ಮನೆಯ ನೀರಿನ ಬಿಸಿ ಇಳಿಸಬಹುದು. ಬ್ಯಾಲೆನ್ಸಿಂಗ್, ಅಂದ್ರೆ ಎಲ್ಲಾ ರೇಡಿಯೇಟರ್‌ಗೂ ನೀರು ಸರಿಯಾಗಿ ಹಂಚಿ ಹೋಗೋ ಹಾಗೆ ಹೊಂದಿಸೋದು, ಅದನ್ನೂ ಮಾಡಿಸಿ, ಪಂಪ್ ಹತ್ರ ಇರೋ ರೇಡಿಯೇಟರ್ ನೀರೆಲ್ಲ ಎಳ್ಕೊಂಡು ದೂರದ್ದು ತಣ್ಣಗೆ ಕೂತಿರೋದು ಎಷ್ಟೋ ಮನೇಲಿ ಇದೆ.

ಸೈಜ್ ವಿಚಾರದಲ್ಲಿ ಜಗಳನೇ ಆಯ್ತು. ಮೊದಲು ಬಂದವರು ಮನೆ ಎಷ್ಟು ಅಗಲ ಉದ್ದ ಅಂತ ಕೇಳಿ ಬಾಯಿಲೆಕ್ಕದಲ್ಲೇ ದೊಡ್ಡ ಮಷಿನ್ ಹೇಳಿಬಿಟ್ರು. ಇನ್ನೊಬ್ಬರು ಪ್ರತಿ ರೂಮಿನ ಗೋಡೆ, ಕಿಟಕಿ, ಚಾವಣಿ ಅಳೆದು ಹೀಟ್ ಲಾಸ್, ಅಂದ್ರೆ ಮನೆಯಿಂದ ಎಷ್ಟು ಶಾಖ ಹೊರಗೆ ಹೋಗುತ್ತೆ ಅನ್ನೋದನ್ನ ಲೆಕ್ಕ ಹಾಕಿದ್ರು, ಅದರ ಪ್ರಕಾರ ಚಿಕ್ಕದೇ ಸಾಕಿತ್ತು, ಅದನ್ನೇ ತಗೊಂಡ್ವಿ. ಅತಿ ದೊಡ್ಡ ಮಷಿನ್ ಹಾಕಿದ್ರೆ ಚಳಿ ಕಮ್ಮಿ ಇರೋ ದಿನಗಳಲ್ಲಿ ಅದು ಎಷ್ಟೇ ನಿಧಾನಕ್ಕೆ ಓಡಿದ್ರೂ ಶಾಖ ಜಾಸ್ತಿ ಆಗಿ, ಆನ್ ಆಫ್ ಆನ್ ಆಫ್ ಆಗ್ತಾನೇ ಇರುತ್ತೆ, ಕರೆಂಟೂ ಹಾಳು ಕಂಪ್ರೆಸರ್ ಆಯಸ್ಸೂ ಹಾಳು. ಲೆಕ್ಕದ ಹಾಳೆ ಕೊಡದೆ ಕೊಟೇಶನ್ ಕೊಡೋರನ್ನ ಅಲ್ಲಿಗೇ ಬಿಡಿ.

ಮಷಿನ್ ಆರಿಸೋಕೆ ಮುಂಚೆನೇ ಮನೆ ಸರಿ ಮಾಡ್ಕೊಂಡ್ರೆ ಇನ್ನೂ ಒಳ್ಳೇದು, ಬೇಕಾಗೋ ಸೈಜೇ ಕಮ್ಮಿ ಆಗುತ್ತೆ. ಗಾಳಿ ಜೋರಾಗಿ ಬೀಸೋ ದಿನ ಊದಿನಕಡ್ಡಿ ಹಚ್ಚಿ ಕಿಟಕಿ ಚೌಕಟ್ಟು, ಬಾಗಿಲ ಕೆಳಗೆ, ಪೈಪ್ ಗೋಡೆ ದಾಟೋ ಜಾಗ, ಅಟ್ಟದ ಮುಚ್ಚಳ ಎಲ್ಲಾ ಕಡೆ ಹಿಡಿದು ನೋಡಿ, ಹೊಗೆ ಅಲ್ಲಾಡಿದ ಕಡೆ ಸೋರ್ತಾ ಇದೆ ಅಂತ ಅರ್ಥ. ಅಟ್ಟಕ್ಕೆ ಇನ್ಸುಲೇಶನ್ ಹಾಕೋದು ಖರ್ಚಿಗೆ ಹೋಲಿಸಿದ್ರೆ ಹೆಚ್ಚು ಲಾಭದ ಕೆಲಸ. ಕಿಟಕಿ ದುಬಾರಿ, ಆದ್ರೆ ವ್ಯತ್ಯಾಸ ಸಣ್ಣದಲ್ಲ. ಒಂಟಿ ಗಾಜಿನ ಒಂದು ಚದರ ಮೀಟರ್‌ನಿಂದ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.7 ವ್ಯಾಟ್ ಹೊರಗೆ ಹೋಗುತ್ತೆ, ಹಳೇ ಥರದ ಜೋಡಿ ಗಾಜಿನಲ್ಲಿ 2.8, ಒಳಗೆ ಆರ್ಗಾನ್ ಗ್ಯಾಸ್ ತುಂಬಿ ಶಾಖ ಹೊರಗೆ ಹೋಗೋದನ್ನ ತಡೆಯೋ ಲೋ-ಇ ಲೇಪನ ಇರೋ ಜೋಡಿ ಗಾಜಿನಲ್ಲಿ 1.1ರ ಹತ್ರ. ಒಂದು ಎಚ್ಚರಿಕೆ, ಮನೆ ಒಳಗೆ ಗ್ಯಾಸ್ ಇಲ್ಲಾ ಸೌದೆ ಉರಿಯೋದು ಏನಾದ್ರೂ ಇದ್ರೆ ಎಲ್ಲಾ ಸಂದಿ ಮುಚ್ಚೋ ಮುಂಚೆ ಅದಕ್ಕೆ ಗಾಳಿ ಎಲ್ಲಿಂದ ಬರುತ್ತೆ ನೋಡ್ಕೊಳ್ಳಿ, ಕಾರ್ಬನ್ ಮಾನಾಕ್ಸೈಡ್ ಅಲಾರಂ ಹಾಕಿ. ಆ ಗ್ಯಾಸ್‌ಗೆ ವಾಸನೆನೇ ಇಲ್ಲ.

ಚಳಿಗಾಲದಲ್ಲಿ ಗಾಬರಿ ಆಗೋ ಒಂದು ವಿಷ್ಯ ಇದೆ. ಹೊರಗಿನ ಯೂನಿಟ್‌ನಿಂದ ದಪ್ಪ ಬಿಳಿ ಹಬೆ ಏಳುತ್ತೆ, ಫ್ಯಾನ್ ನಿಲ್ಲುತ್ತೆ, ಕೆಳಗೆ ನೀರು ಸುರಿಯುತ್ತೆ. ಅದು ಕೆಟ್ಟಿದ್ದಲ್ಲ, ಡಿಫ್ರಾಸ್ಟ್, ಕಾಯಿಲ್ ಮೇಲೆ ಕಟ್ಟಿದ ಹಿಮ ಕರಗಿಸ್ತಿದೆ, ಕೆಲವು ನಿಮಿಷದಲ್ಲಿ ಮುಗಿಯುತ್ತೆ. ಗಾಳಿಯಲ್ಲಿ ತೇವ ಜಾಸ್ತಿ ಇರೋ 0ರಿಂದ 5 ಡಿಗ್ರಿ ಹವಾದಲ್ಲಿ ಇದು ಜಾಸ್ತಿ, ಒಣ ಚಳಿಯಲ್ಲಿ ಕಮ್ಮಿ. ಆ ನೀರು ಓಡಾಡೋ ದಾರಿಗೆ ಹೋಗಿ ಹೆಪ್ಪುಗಟ್ಟದ ಹಾಗೆ ಜಾಗ ನೋಡಿ ಕೂರಿಸಬೇಕು.

ಮಷಿನ್ ಒಳಗೆ ಬ್ಯಾಕಪ್ ಹೀಟರ್ ಒಂದು ಅಡಗಿರುತ್ತೆ, ಮಾಮೂಲಿ ರಾಡ್, ಒಂದಕ್ಕೆ ಒಂದು ಲೆಕ್ಕದ್ದು. ಸೆಟ್ಟಿಂಗ್ ತಪ್ಪಿದ್ರೆ ಅದು ಯಾರಿಗೂ ಗೊತ್ತಾಗದ ಹಾಗೆ ಓಡ್ತಾ ಇರುತ್ತೆ, ಮೆನುನಲ್ಲಿ ಅದು ಎಷ್ಟು ಗಂಟೆ ಓಡಿದೆ ಅಂತ ತೋರಿಸೋ ಜಾಗ ಇದ್ರೆ ಆಗಾಗ ನೋಡ್ತಿರಿ. ರಾತ್ರಿ ಪೂರ್ತಿ ಆಫ್ ಮಾಡಿ ಬೆಳಗ್ಗೆ ಒಮ್ಮೆಲೇ ಬಿಸಿ ಮಾಡೋ ಅಭ್ಯಾಸ ಇದ್ರೆ ಈ ರಾಡ್ ಎದ್ದು ಕೂರುತ್ತೆ, ಅದಕ್ಕಿಂತ ರಾತ್ರಿ ಒಂದೆರಡು ಡಿಗ್ರಿ ಇಳಿಸಿಟ್ರೆ ಸಾಕು.

ಹೀಟ್ ಪಂಪ್ ಹಾಕೋ ಪರಿಸ್ಥಿತಿ ಇಲ್ಲ, ಗ್ಯಾಸ್ ಬಾಯ್ಲರೇ ಇರುತ್ತೆ ಅನ್ನೋರೂ ನೀರಿನ ಬಿಸಿ ಇಳಿಸಿ ನೋಡಿ. ಕಂಡೆನ್ಸಿಂಗ್ ಬಾಯ್ಲರ್‌ಗೆ ವಾಪಸ್ ಬರೋ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ರೆ ಮಾತ್ರ ಹೊಗೆಯಲ್ಲಿರೋ ಆವಿ ನೀರಾಗಿ ಆ ಶಾಖ ನಮಗೆ ಸಿಗೋದು, 70, 80ಕ್ಕೆ ಇಟ್ಟು ಓಡಿಸಿದ್ರೆ ಕಂಡೆನ್ಸಿಂಗ್ ಅನ್ನೋದು ಹೆಸರಿಗೆ ಮಾತ್ರ.

ಹೀಟ್ ಪಂಪ್ ಒಳಗೆ ಶಾಖ ಹೊತ್ತು ಸಾಗಿಸೋ ಗ್ಯಾಸ್ ಯಾವುದು ಅಂತಾನೂ ಕೇಳಿ. ಸೋರಿದ್ರೆ ವಾತಾವರಣ ಬಿಸಿ ಮಾಡೋ ಶಕ್ತಿ ಕಾರ್ಬನ್ ಡೈಆಕ್ಸೈಡ್‌ಗೆ ಹೋಲಿಸಿದ್ರೆ ಆರ್-410ಎ ಗೆ 2088 ಪಟ್ಟು, ಆರ್-32ಗೆ 675, ಆರ್-290 ಅಂದ್ರೆ ಪ್ರೊಪೇನ್‌ಗೆ ಬರೀ 3ರ ಹತ್ರ. ನಮ್ಮದು ಆರ್-290, ಅದು ಉರಿಯೋ ಗ್ಯಾಸ್ ಆದ್ರಿಂದ ಕಿಟಕಿ, ಚರಂಡಿ ಬಾಯಿ ಇವುಗಳಿಂದ ಹೊರಗಿನ ಯೂನಿಟ್ ದೂರ ಇರಬೇಕು, ಜಾಗ ಇಕ್ಕಟ್ಟಾಗಿದ್ರೆ ಇದನ್ನ ಮೊದಲೇ ಅಳೆದು ನೋಡಿ. ಮಲಗೋ ಕೋಣೆ ಗೋಡೆಗೆ ಬಿಗಿದು ಕೂರಿಸೋಕೂ ಬಿಡಬೇಡಿ, ಫ್ಯಾನ್ ಸದ್ದು ಅಷ್ಟಿಲ್ಲ, ಆದ್ರೆ ಗೋಡೆಯಲ್ಲಿ ಬರೋ ಕಂಪನ ನಿದ್ದೆ ಕೆಡಿಸುತ್ತೆ, ನೆಲದ ಮೇಲೆ ರಬ್ಬರ್ ಕಾಲಿನ ಮೇಲೆ ಕೂರಿಸಿ. ಮತ್ತೆ ಕೊನೇ ಕಂತು ದುಡ್ಡು ಕೊಡೋ ಮುಂಚೆ ಕರ್ವ್ ಎಷ್ಟಕ್ಕಿದೆ, ಬ್ಯಾಕಪ್ ರಾಡ್ ಯಾವ ಹವಾಗೆ ಆನ್ ಆಗುತ್ತೆ, ಫಿಲ್ಟರ್ ಎಲ್ಲಿದೆ, ಇದಿಷ್ಟನ್ನ ಅವರ ಕೈಲೇ ಒಂದು ಹಾಳೇಲಿ ಬರೆಸಿ ಮಷಿನ್ ಪಕ್ಕ ಅಂಟಿಸಿಕೊಳ್ಳಿ.